ಕೇಳದೇ ಪ್ರಾರ್ಥನೆ ಮಾಡದವರು

ಅರಸೀಕೆರೆಯಲ್ಲಿ ನನ್ನ ಕಾಯಿಲೆಯ ಬಗ್ಗೆ ಎರಡು ಕಥೆಗಳು ಓಡಾಡುತ್ತಿವೆ. ಒಂದು: ಸ್ಟೇಷನ್ ಹತ್ತಿರದ ಕ್ರೈಸ್ತ ಸಭೆಯವರು ನನ್ನ ಹಾಸಿಗೆಯ ಸುತ್ತ ನಿಂತು ಪ್ರಾರ್ಥಿಸಿದರು, ನಾನು ಎದ್ದು ನಡೆದೆ. ಇನ್ನೊಂದು: ಮಲಗಿದ್ದ ಹುಡುಗಿಯ ತಲೆ ಕೆಡಿಸಿ ಮತಾಂತರ ಮಾಡಿದರು, ಅಪ್ಪ ಅಮ್ಮ ಬೇರೆ ದಾರಿ ಕಾಣದೆ ಒಪ್ಪಿಕೊಂಡರು. ಮೊದಲನೆಯದನ್ನು ಹೇಳುವವರು ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ, ಎರಡನೆಯದನ್ನು ಹೇಳುವವರು ಧ್ವನಿ ತಗ್ಗಿಸಿ. ಎರಡನ್ನೂ ನಾನು ಒಪ್ಪುವುದಿಲ್ಲ. ನನ್ನ ಹಾಸಿಗೆಯ ಸುತ್ತ ನಿಂತು ಯಾರೂ ಪ್ರಾರ್ಥಿಸಲಿಲ್ಲ. ನಾನು ಯಾವ ಧರ್ಮಕ್ಕೂ ಸೇರಿಲ್ಲ, ಯಾವುದನ್ನೂ ಬಿಟ್ಟಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಏನೆಂದರೆ, ಎದುರಾಳಿಯ ವಾದವನ್ನು ಕೆಡವುವ ಮೊದಲು ಅದನ್ನು ನೆಟ್ಟಗೆ ಹೇಳಬೇಕು. ಹೇಳಿದ್ದೇನೆ. ಇನ್ನು ನಡೆದದ್ದು.

ಅದು ಶುರುವಾದದ್ದು ಹಳೇಬೀಡಿನಲ್ಲಿ. ಬೆಳಿಗ್ಗೆ ಬೇಲೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇತ್ತು. ವಿಷಯ ನದಿ ಜೋಡಣೆ. ನಾನು ವಿರೋಧಿಸಿ ಮಾತಾಡಿ ಗೆದ್ದೆ. ಷೀಲ್ಡ್ ಹಿಡಿದುಕೊಂಡು ಗೆಳತಿಯರ ಜೊತೆ ಹಳೇಬೀಡಿಗೆ ಹೋದೆ. ಮಧ್ಯಾಹ್ನ. ಚಪ್ಪಲಿ ಬಿಟ್ಟು ದೇವಸ್ಥಾನದ ಜಗಲಿ ಹತ್ತಿದೆವು. ಕಲ್ಲು ಕಾದ ಕಾವಲಿಯಾಗಿತ್ತು. ಎಲ್ಲರೂ ಅಯ್ಯೋ ಅನ್ನುತ್ತಾ ನೆರಳಿನಿಂದ ನೆರಳಿಗೆ ಹಾರುತ್ತಿದ್ದರು. ನಾನು ಮಾತ್ರ ಬಿಸಿಲಲ್ಲಿ ನಿಂತು ಆನೆಗಳ ಸಾಲು ನೋಡುತ್ತಿದ್ದೆ.

ಏನೇ ಸುಜಿ, ನಿನ್ನ ಕಾಲೇನು ಕಬ್ಬಿಣದ್ದಾ ಅಂದರು. ಮನಸ್ಸು ಗಟ್ಟಿ ಇದ್ರೆ ಸುಡಲ್ಲ ಅಂದೆ. ಅದರ ಮೇಲೆ ಒಂದು ಸಣ್ಣ ಭಾಷಣವನ್ನೂ ಬಿಗಿದೆ.

ನನಗೆ ಬಿಸಿ ಗೊತ್ತೇ ಆಗಿರಲಿಲ್ಲ.

ಸಂಜೆ ಬಸ್ಸಿನ ಮೆಟ್ಟಿಲು ಹತ್ತುವಾಗ ಕಾಲು ಏಳಲಿಲ್ಲ. ಕಂಡಕ್ಟರ್ ಕೈಕೊಟ್ಟು ಎಳೆದುಕೊಂಡ. ಮಾರನೆಯ ದಿನ ಬಚ್ಚಲಲ್ಲಿ ಕೂತವಳಿಗೆ ಏಳಲಾಗಲಿಲ್ಲ. ಆಮೇಲೆ ಕೈ. ಆಮೇಲೆ ನುಂಗುವುದು. ಹಾಸನದ ಡಾಕ್ಟರು ಮಂಡಿಗೆ ಸುತ್ತಿಗೆಯಿಂದ ತಟ್ಟಿದರು, ಕಾಲು ಅಲುಗಲಿಲ್ಲ. ಅವರು ಅಪ್ಪನನ್ನು ಹೊರಗೆ ಕರೆದುಕೊಂಡು ಹೋದರು. ಆ್ಯಂಬುಲೆನ್ಸಿನಲ್ಲಿ ಬೆಂಗಳೂರು.

ಜಿಬಿಎಸ್ ಅಂದರು. ದೇಹದ ರಕ್ಷಣಾ ಪಡೆ ತನ್ನದೇ ನರಗಳನ್ನು ಶತ್ರು ಅಂದುಕೊಂಡು ಹೊಡೆಯುವ ಕಾಯಿಲೆ. ನ್ಯೂರಾಲಜಿಸ್ಟ್ ಚೆನ್ನಾಗಿ ಬಿಡಿಸಿ ಹೇಳಿದರು: ಇಂಜೆಕ್ಷನ್ ಕೊಟ್ಟು ದಾಳಿ ನಿಲ್ಲಿಸುತ್ತೇವೆ, ನರ ತಾನಾಗಿ ಬೆಳೆಯಬೇಕು, ಹೆಚ್ಚಿನವರು ಏಳುತ್ತಾರೆ, ಕೆಲವರು ಪೂರ್ತಿ ಏಳುವುದಿಲ್ಲ. ನಾನು ಯಾವ ಗುಂಪು ಅಂತ ಕೇಳಬೇಕಿತ್ತು. ಅಷ್ಟರಲ್ಲಿ ವೆಂಟಿಲೇಟರ್ ಹಾಕಿದ್ದರು. ಆಮೇಲೆ ಗಂಟಲಲ್ಲಿ ತೂತು ಮಾಡಿ ಟ್ಯೂಬ್ ಇಟ್ಟರು.

ಧ್ವನಿ ಹೋಯಿತು.

ಕಾಲು ಹೋದದ್ದಕ್ಕಿಂತ ಅದು ಹೆಚ್ಚು ನೋಯಿಸಿತು. ನನ್ನ ತಲೆಯೊಳಗೆ ವಾಕ್ಯಗಳು ಪೂರ್ಣವಿರಾಮದ ಸಮೇತ ಸಿದ್ಧವಾಗಿ ನಿಂತಿರುತ್ತಿದ್ದವು. ಹೊರಗೆ ಬರಲು ಬಾಗಿಲಿಲ್ಲ. ಅಮ್ಮ ಒಂದು ಉಪಾಯ ಮಾಡಿದಳು. ಅವಳು ಅಕ್ಷರಮಾಲೆ ಹೇಳಬೇಕು, ಬೇಕಾದ ಅಕ್ಷರ ಬಂದಾಗ ನಾನು ಕಣ್ಣು ಮಿಟುಕಿಸಬೇಕು. ಅಕ್ಷರ ಸಿಕ್ಕ ಮೇಲೆ ಕಾಗುಣಿತ. ಒತ್ತಕ್ಷರ ಬಂದರೆ ಮತ್ತೆ ಮೊದಲಿಂದ. ಒಂದು ಬೈಗುಳ ಪೂರೈಸುವಷ್ಟರಲ್ಲಿ ನನ್ನ ಸಿಟ್ಟು ಇಳಿದಿರುತ್ತಿತ್ತು. ಬೇರೆ ಭಾಷೆಯಲ್ಲಿ ಹುಟ್ಟಬೇಕಿತ್ತು ಅಂತ ಅನ್ನಿಸಿದ್ದು ಆಗ ಮಾತ್ರ.

ಉಸಿರು ನನ್ನದೇ ಆದ ಮೇಲೆ, ಟ್ಯೂಬ್ ಇದ್ದ ಹಾಗೇ, ಹಾಸನದ ಆಸ್ಪತ್ರೆಯ ವಾರ್ಡಿಗೆ ತಂದರು. ಅಪ್ಪ ಅರಸೀಕೆರೆಯಲ್ಲಿ ಶಿಕ್ಷಣ ಇಲಾಖೆಯ ಆಫೀಸಿನಲ್ಲಿ ಗುಮಾಸ್ತರು, ರಜೆಯೆಲ್ಲ ಮುಗಿದಿತ್ತು. ಅಮ್ಮ ಒಬ್ಬಳೇ. ಅಲುಗಾಡದೆ ಮಲಗಿದವರನ್ನು ಆಗಾಗ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ, ಹುಣ್ಣಾದರೆ ನಂಜು, ನಂಜಾದರೆ ಜೀವವೇ ಹೋಗಬಹುದು ಅಂತ ಡಾಕ್ಟರು ಎಚ್ಚರಿಸಿದ್ದರು. ಹೊರಳಿಸಲು ಇಬ್ಬರು ಬೇಕು. ಬಂಧುಗಳು ಬಂದರು, ಹಣ್ಣು ಇಟ್ಟರು, ಅತ್ತರು, ಬಸ್ಸಿಗೆ ಹೊತ್ತಾಯಿತು ಅಂದರು.

ಆಗ ಬಂದವರು ಗ್ರೇಸ್ ಆಂಟಿ. ನಮ್ಮ ಬೀದಿಯ ಕೊನೆಯ ಮನೆಯವರು, ಬ್ಲೌಸ್ ಹೊಲಿಯುತ್ತಾರೆ. ಸ್ಟೇಷನ್ ಹತ್ತಿರ ಹಳೆಯ ಕೊಬ್ಬರಿ ಗೋಡೌನಿನಲ್ಲಿ ಸೇರುವ ಸಭೆಯವರು. ದಿನಾ ತಮ್ಮವರು ಒಬ್ಬೊಬ್ಬರು ಬೆಳಗಿನ ಪ್ಯಾಸೆಂಜರ್ ರೈಲಿಗೆ ಬಂದು ಸಂಜೆಯವರೆಗೆ ಇರುತ್ತಾರೆ, ನನ್ನ ಮೂಗಿನ ನಳಿಕೆಗೆ ಹಾಕಲು ಗಂಜಿ ತರುತ್ತಾರೆ, ಆಗಬಹುದಾ ಅಂತ ಕೇಳಿದರು.

ಅಪ್ಪ ತಕ್ಷಣ ಒಪ್ಪಲಿಲ್ಲ. ಇದಕ್ಕೆ ಕಾರಣ ಹೇಳಬೇಕು. ನನ್ನ ಅಪ್ಪ ಹರೆಯದಲ್ಲಿ ಬೌದ್ಧರಾದವರು. ಓದಿ, ವಾದಿಸಿ, ತಮ್ಮ ಅಪ್ಪನ ಜೊತೆ ಮಾತು ಬಿಟ್ಟು ಆದವರು. ಧರ್ಮ ಬದಲಿಸುವುದು ಅವರಿಗೆ ತಪ್ಪಲ್ಲ. ಕಷ್ಟದಲ್ಲಿದ್ದಾಗ ಬದಲಿಸುವುದು ತಪ್ಪು. ತಾನು ತಲೆ ಎತ್ತಿಕೊಂಡು ಮಾಡಿದ್ದನ್ನು ಮಗಳು ಮಲಗಿಕೊಂಡು ಮಾಡಿದಳು ಅಂತ ಊರು ಆಡಿಕೊಳ್ಳಬಾರದು. ಅವರು ಸಭೆಯ ಪಾಸ್ಟರ್ ದೇವಪ್ರಸಾದರನ್ನು ಮನೆಗೆ ಕರೆಸಿ ಷರತ್ತು ಹಾಕಿದರು. ನನ್ನ ಹತ್ತಿರ ಪ್ರಾರ್ಥನೆ ಮಾಡಬಾರದು. ತಲೆಯ ಮೇಲೆ ಕೈ ಇಡಬಾರದು. ಪುಸ್ತಕ ಬಿಟ್ಟು ಹೋಗಬಾರದು. ಸಭೆಯಲ್ಲಿ ನನ್ನ ಹೆಸರು ಎತ್ತಬಾರದು.

ಪಾಸ್ಟರು ಹೇಳಿದ್ದಿಷ್ಟು, ಅಪ್ಪನೇ ಆಮೇಲೆ ಹೇಳಿದ್ದು: "ಕೇಳದೇ ಯಾರ ಮೇಲೂ ಪ್ರಾರ್ಥನೆ ಮಾಡಲ್ಲ ಸರ್. ಅದು ನಮ್ಮಲ್ಲಿ ಮೊದಲಿಂದಲೇ ಇದೆ. ಗೋಡೆ ಮೇಲೆ ಬರೆಸಿದ್ದೀವಿ."

ಆ ಗೋಡೆ ನನಗೆ ಗೊತ್ತಿತ್ತು. ಬಸ್‌ ಸ್ಟ್ಯಾಂಡಿಗೆ ಹೋಗುವಾಗ ದಿನಾ ಓದುತ್ತಿದ್ದೆ, ನಗುತ್ತಲೂ ಇದ್ದೆ. ನೀಲಿ ಬಣ್ಣದಲ್ಲಿ ನಮ್ಮ ಉದ್ದೇಶ, ನಮ್ಮ ದರ್ಶನ, ನಮ್ಮ ಮೌಲ್ಯಗಳು ಅಂತ ದಪ್ಪ ಅಕ್ಷರ. ಉದ್ದೇಶ, ದೇವರನ್ನು ಆರಾಧಿಸುವುದು ಮತ್ತು ಜನರ ಸೇವೆ. ದರ್ಶನ, ಅರಸೀಕೆರೆಯ ಮನೆಮನೆಗೂ ಯೇಸುವಿನ ಸುವಾರ್ತೆ ಮುಟ್ಟಬೇಕು. ಮೌಲ್ಯಗಳಲ್ಲಿ ಪ್ರಾರ್ಥನೆ, ಸತ್ಯ, ಬಲವಂತವಿಲ್ಲದ ಪ್ರೀತಿ. ಇದರಲ್ಲಿ ದರ್ಶನಕ್ಕೂ ಕೊನೆಯ ಮೌಲ್ಯಕ್ಕೂ ಹೊಂದಿಕೆಯಾಗದು ಅಂತ ನಾನು ಗೆಳತಿಯರಿಗೆ ನಡೆಯುತ್ತಲೇ ಸಾಧಿಸಿ ತೋರಿಸಿದ್ದೆ. ಮನೆಮನೆಗೂ ಮುಟ್ಟಲೇಬೇಕು ಅಂದವರು ಒಂದಲ್ಲ ಒಂದು ಬಾಗಿಲಲ್ಲಿ ಬಲವಂತ ಮಾಡಿಯೇ ಮಾಡುತ್ತಾರೆ. ಈಗ ಆ ಬಾಗಿಲು ನಾನೇ.

ಗ್ರೇಸ್ ಆಂಟಿ ಬಂದ ಮೊದಲ ದಿನದಿಂದ ನಾನು ಕಾದೆ. ಈಗ ಶುರು ಮಾಡುತ್ತಾರೆ, ಈಗ ಶುರು ಮಾಡುತ್ತಾರೆ. ನನ್ನ ಖಂಡನೆ ಸಿದ್ಧವಾಗಿತ್ತು. ಆಂಟಿ ಅಮ್ಮನ ಜೊತೆ ಸೇರಿ ನನ್ನನ್ನು ಹೊರಳಿಸಿದರು. ಬೆನ್ನು ಒರೆಸಿದರು, ಪೌಡರ್ ಹಾಕಿದರು. ಟ್ಯೂಬಿನ ಕಫ ಹೀರಿ ತೆಗೆಯುವ ಸಕ್ಷನ್ ಮಾಡುವುದನ್ನು ನರ್ಸ್ ಹತ್ತಿರ ಕಲಿತರು. ಬೆರಳು ಒಂದೊಂದಾಗಿ ಮಡಿಸಿ ಬಿಡಿಸಿದರು. ಯಾರ ಬ್ಲೌಸಿಗೆ ಎಷ್ಟು ಬಟ್ಟೆ ಕಡಿಮೆ ಬಿತ್ತು, ಯಾರು ಬೈದರು, ಎಲ್ಲ ಹೇಳಿದರು. ದೇವರ ಸುದ್ದಿ ಇಲ್ಲ. ಅವರ ಬದಲು ಸಭೆಯ ಬೇರೆಯವರು ಬಂದ ದಿನವೂ ಅಷ್ಟೇ. ಸಂಜೆ ಫೋನಿನಲ್ಲಿ ಅಪ್ಪ ವಿಚಾರಿಸುತ್ತಿದ್ದರು. ಅಮ್ಮ, "ಇವತ್ತೂ ಏನೂ ಮಾಡಿಲ್ಲ ಕಣ್ರೀ, ಬಟ್ಟೆ ಒಗ್ದು ಹೋದ್ರು" ಅನ್ನುತ್ತಿದ್ದಳು, ಕಳ್ಳತನದ ಪಂಚನಾಮೆ ಓದುವ ಹಾಗೆ.

ವಾರಗಳಾದವು. ಕಾಯುವುದು ಹೋಗಿ ನನಗೆ ಬೇಜಾರಾಗತೊಡಗಿತು. ಇದನ್ನು ಒಪ್ಪಿಕೊಳ್ಳಲು ಕಷ್ಟ, ಆದರೂ ನಿಜ. ಎದುರಾಳಿ ವೇದಿಕೆಗೇ ಬರದಿದ್ದರೆ ಗೆದ್ದ ಹಾಗೂ ಅಲ್ಲ, ಸೋತ ಹಾಗೂ ಅಲ್ಲ. ಒಂದು ಮಧ್ಯಾಹ್ನ ಅಮ್ಮ ಕೆಳಗೆ ಮಾತ್ರೆ ತರಲು ಹೋಗಿದ್ದಾಗ ನಾನು ಕಣ್ಣಿನಿಂದ ಆಂಟಿಯನ್ನು ಅಕ್ಷರಕ್ಕೆ ಕರೆದೆ. ಅವರು ಕಾಗುಣಿತ ಹೇಳುತ್ತಾ ಹೋದರು, ನಾನು ಮಿಟುಕಿಸುತ್ತಾ ಹೋದೆ. 'ಯಾಕೆ ಮಾಡಲ್ಲ' ಅನ್ನುವಷ್ಟಕ್ಕೆ ಹಣೆ ಬೆವರಿತ್ತು. ಪ್ರಾರ್ಥನೆ ಅನ್ನುವ ಪದವನ್ನು ಬೇಕೆಂದೇ ಬಿಟ್ಟೆ, ಒತ್ತಕ್ಷರಗಳ ಭಯಕ್ಕೆ. ಅವರಿಗೆ ಅರ್ಥವಾಯಿತು.

"ನಿಮ್ಮಪ್ಪ ಬೇಡ ಅಂದವ್ರೆ. ನೀನು ಕೇಳಿಲ್ಲ. ನಮ್ಮನೇಲಿ ಕೂತ್ಕೊಂಡು ಮಾಡ್ತೀನಿ ಕಣಮ್ಮ, ಅದನ್ನ ತಡೆಯಕ್ಕೆ ನಿಮ್ಮಪ್ಪಂಗೂ ಆಗಲ್ಲ."

ನನಗೆ ನಗು ಬಂತು. ತುಟಿ ಕೆನ್ನೆಗಳಿಗೆ ಇನ್ನೂ ಬಲ ಬಂದಿರದಿದ್ದರಿಂದ ಹೊರಗೆ ಕಾಣಲಿಲ್ಲ. ಟ್ಯೂಬಿನಿಂದ ಬುಸ್ ಅಂತ ಗಾಳಿ ಬಂತು. ಆಂಟಿ ಗಾಬರಿಯಾಗಿ ನರ್ಸನ್ನು ಕರೆದರು.

ಆಮೇಲಿನದು ನಿಧಾನ. ಬಲಗೈಯ ಹೆಬ್ಬೆರಳು ಮೊದಲು. ಟ್ಯೂಬ್ ತೆಗೆದರು, ಧ್ವನಿ ಬಂತು, ಗೊಗ್ಗರು. ಮನೆಗೆ ಬಂದೆ. ವೀಲ್‌ಚೇರಿನಲ್ಲಿ ಕೂರುವಂತಾದ ಮೇಲೆ ನನ್ನನ್ನು ನೋಡಲು ಪಾಸ್ಟರು ಬಂದರು. ಅಮ್ಮ ಕಾಫಿ ಕೊಟ್ಟಳು. ಅವರು ಲೋಟ ಬಾಯಿಗಿಡುವ ಮೊದಲೇ ನಾನು ಗೋಡೆಯ ವಿಷಯ ಎತ್ತಿದೆ. ಮನೆಮನೆಗೂ ಮುಟ್ಟಬೇಕು ಅನ್ನುತ್ತೀರಿ, ಬಲವಂತ ಇಲ್ಲ ಅನ್ನುತ್ತೀರಿ, ನಮ್ಮ ಮನೆಗೆ ಮುಟ್ಟಲಿಲ್ಲ, ಹಾಗಾದರೆ ಇಷ್ಟು ದಿನದ ಸೇವೆ ದಂಡವಾಯಿತಲ್ಲ ಅಂದೆ. ಅಪ್ಪ ಪೇಪರ್ ಮಡಿಸಿಟ್ಟು ಕೇಳತೊಡಗಿದರು.

ಪಾಸ್ಟರು ಲೋಟ ಕೆಳಗಿಟ್ಟರು. "ಸುಳ್ಳು ಹೇಳಲ್ಲಮ್ಮ. ನೀನು ನಂಬಬೇಕು ಅನ್ನೋ ಆಸೆ ನನಗಿದೆ, ಇವತ್ತೂ ಇದೆ. ಏಳಕ್ಕಾಗದೆ ಮಲಗಿರೋರ ಮುಂದೆ ಅದನ್ನ ಇಡಬಾರದು. ಈಗ ನೀನು ನನ್ನನ್ನ ಎದ್ದು ಹೋಗಿ ಅನ್ನಬಹುದು. ಆಗ ಅನ್ನಕ್ಕಾಗ್ತಿರಲಿಲ್ಲ."

ನನ್ನ ಪ್ರಶ್ನೆಗೆ ಅದು ಪೂರ್ತಿ ಉತ್ತರವಲ್ಲ ಅಂದೆ. ಅಲ್ಲ ಅಂತ ಅವರೂ ಒಪ್ಪಿದರು. ಅಪ್ಪ ಅವರನ್ನು ಗೇಟಿನವರೆಗೆ ಕಳಿಸಿ ಬಂದರು. ನಮ್ಮ ಮನೆಯಲ್ಲಿ ಅದು ದೊಡ್ಡ ಮರ್ಯಾದೆ.

ವಾಕರ್ ಹಿಡಿದು ನಡೆಯುವಂತಾದಾಗ ಒಂದು ಭಾನುವಾರ ಸಭೆಗೆ ಹೋಗಿ ಎಲ್ಲರಿಗೂ ಥ್ಯಾಂಕ್ಸ್ ಹೇಳಿ ಬರುತ್ತೇನೆ ಅಂದೆ. ಅಪ್ಪ ತಾವೂ ಬರುತ್ತೇನೆ ಅಂದರು. ಇಸ್ತ್ರಿ ಷರಟು ಹಾಕಿಕೊಂಡು, ಚಾಪೆಯ ಮೇಲೆ ಕೂರಲು ಒಲ್ಲದೆ, ಹಿಂದಿನ ಕುರ್ಚಿಯಲ್ಲಿ ಕೈಕಟ್ಟಿ ಕೂತರು. ಗೋಡೌನಿನಲ್ಲಿ ಇನ್ನೂ ಕೊಬ್ಬರಿಯ ಎಣ್ಣೆ ವಾಸನೆ. ಹಾಡು ಮುಗಿಯಿತು. ಅವರಲ್ಲಿ ಸಾಕ್ಷಿ ಹೇಳುವುದು ಅಂತ ಒಂದು ಪದ್ಧತಿ ಇದೆ. ದೇವರು ತಮಗೆ ಏನು ಮಾಡಿದ ಅಂತ ಒಬ್ಬೊಬ್ಬರೇ ಎದ್ದು ಹೇಳುತ್ತಾರೆ. ರೈಲ್ವೆಯಲ್ಲಿ ಕೆಲಸ ಮಾಡುವ ಸ್ಟೀಫನ್ ಅಣ್ಣ ಎದ್ದರು. ಅವರು ಕೂಡ ಎಷ್ಟೋ ದಿನ ಹಾಸನಕ್ಕೆ ಗಂಜಿ ಹೊತ್ತವರು. ನನ್ನನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ ಅನ್ನಿಸುತ್ತದೆ. ಇದೋ ನಮ್ಮ ಸುಜಾತ, ಸತ್ತಂತೆ ಮಲಗಿದ್ದಳು, ನಾವೆಲ್ಲ ಆಕೆಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆವು, ಅವತ್ತೇ ಬೆರಳು ಆಡಿತು ಅಂದುಬಿಟ್ಟರು.

ಅಪ್ಪ ಎದ್ದು ನಿಂತರು.

ನಾನು ತಿರುಗಿ ನೋಡಿದೆ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಮೋಸಹೋದ ಮುಖ. ತಾವು ಹಾಕಿದ ಷರತ್ತು, ದಿನಾ ಸಂಜೆ ಕೇಳಿದ್ದು, ಗೇಟಿನವರೆಗೆ ಹೋದದ್ದು, ಎಲ್ಲ ದಡ್ಡತನವಾಯಿತು ಅನ್ನುವ ಮುಖ. ಆ ಕ್ಷಣ ಅವರು ಹೊರಗೆ ಹೋಗಿದ್ದರೆ ಊರಿನ ಎರಡನೆಯ ಕಥೆ ನಮ್ಮ ಮನೆಯೊಳಗೇ ನಿಜವಾಗುತ್ತಿತ್ತು.

ನಾನು ಕೈ ಎತ್ತಿದೆ. ಪಾಸ್ಟರು ಮಾತಾಡಮ್ಮ ಅಂದರು.

"ಅಣ್ಣ, ಯಾರೂ ಕೈಯಿಡಲಿಲ್ಲ. ಕಾಯಿಲೆ ನಿಲ್ಲಿಸಿದ್ದು ಇಂಜೆಕ್ಷನ್ನು. ನರ ಬೆಳೆದದ್ದು ತಾನಾಗೇ. ನನ್ನ ಬೆನ್ನಲ್ಲಿ ಒಂದು ಹುಣ್ಣೂ ಆಗಲಿಲ್ಲ. ಅದು ನಿಮ್ಮಿಂದ. ಬೇಕಾದ್ರೆ ಅದನ್ನ ಸಾಕ್ಷಿ ಅನ್ನಿ."

ಇಷ್ಟಕ್ಕೇ ಉಸಿರು ಸಾಲದಾಯಿತು. ಪಾಸ್ಟರು ಸ್ಟೀಫನ್ ಅಣ್ಣನ ಕಡೆ ತಿರುಗಿ, ನಡೆದದ್ದು ಏನೋ ಅದನ್ನೇ ಹೇಳಬೇಕು, ಎಲ್ಲರ ಮುಂದೆ ಹೇಳಿದ್ದನ್ನು ಎಲ್ಲರ ಮುಂದೆಯೇ ತಿದ್ದಬೇಕು ಅಂದರು. ಆ ಮನುಷ್ಯನ ಕಿವಿ ಕೆಂಪಾಯಿತು. "ಕೈಯಿಟ್ಟಿದ್ದು ಇಲ್ಲ. ಹೆಸರು ಎತ್ತಿದ್ದು ತಪ್ಪು. ಮನೇಲಿ ಪ್ರಾರ್ಥನೆ ಮಾಡಿದ್ದು ಮಾತ್ರ ದಿಟ, ಅದನ್ನ ನಾನು ಬಿಟ್ಕೊಡಲ್ಲ" ಅಂದರು. ಹೆಂಗಸರ ಕಡೆಯಿಂದ ಕಿಸಕ್ಕನೆ ನಗು. ಪಾಸ್ಟರು ಅಪ್ಪನ ಹತ್ತಿರ ಬಂದು, ಕ್ಷಮಿಸಿ ಸರ್, ಮಾತು ಉಳಿಸಿಕೊಳ್ಳಲಿಲ್ಲ ಅಂದರು.

ಅಪ್ಪ ಕೂತರು. ಈ ಸಲ ಕೈಕಟ್ಟಲಿಲ್ಲ.

ದಾರಿಯಲ್ಲಿ ನನ್ನ ವಾಕರಿನ ವೇಗಕ್ಕೆ ನಡೆಯುತ್ತಾ ಅಪ್ಪ, ನಾವು ಬೌದ್ಧರೂ ಒಂದು ಸಭೆ ಮಾಡಿದರೆ ಅಲ್ಲಿಯೂ ಹೀಗೆ ಎಲ್ಲರ ಮುಂದೆ ತಿದ್ದುವವರು ಇರಬೇಕು ಅಂದರು. ಅಷ್ಟೇ.

ಈಗ ವಾಕರ್ ಇಲ್ಲ. ಎಡ ಪಾದ ಇನ್ನೂ ಸ್ವಲ್ಪ ಎಳೆಯುತ್ತದೆ, ಮೆಟ್ಟಿಲಿಗೆ ಕಂಬಿ ಬೇಕು. ಅಂಗಾಲಿಗೆ ಸ್ಪರ್ಶ ಬಂದಿದೆ. ಕಾಲೇಜಿಗೆ ಹೋಗುತ್ತೇನೆ, ಕೂತೇ ವಾದಿಸುತ್ತೇನೆ, ಸೋಲುವುದೂ ಉಂಟು. ನೆಮ್ಮದಿಯಾಗಿದ್ದೇನೆ ಅಂತ ಬರೆಯಲು ಹಿಂಜರಿಕೆ. ಆದರೂ ನೆಮ್ಮದಿಯಾಗಿದ್ದೇನೆ. ಸಭೆಯ ದರ್ಶನಕ್ಕೂ ಆ ಮೌಲ್ಯಕ್ಕೂ ಹೊಂದಿಕೆಯಿಲ್ಲ ಅನ್ನುವ ವಾದವನ್ನು ನಾನು ಕೈಬಿಟ್ಟಿಲ್ಲ. ಹೊಂದಿಕೆಯಿಲ್ಲದ ಎರಡನ್ನು ಒಟ್ಟಿಗೆ ಹಿಡಿದುಕೊಂಡು ರೈಲು ಹತ್ತುವ ಜನ ಇರುತ್ತಾರೆ ಅನ್ನುವುದು ಈಗ ಗೊತ್ತಾಗಿದೆ.

ಮೊನ್ನೆ ಗ್ರೇಸ್ ಆಂಟಿ ನನ್ನ ಬ್ಲೌಸಿನ ಅಳತೆ ತೆಗೆಯಲು ಬಂದಿದ್ದರು. ಮೈ ತುಂಬಿಕೊಂಡಿದ್ದಕ್ಕೆ ಹಳೆಯವೆಲ್ಲ ಬಿಗಿ. ಟೇಪು ಭುಜದ ಮೇಲೆ ಹಾಕಿಕೊಂಡು, ಕೈ ಎತ್ತು ಅಂದರು. ಎತ್ತಿದೆ. ಹೋದ ವರ್ಷ ಈ ಹೊತ್ತಿಗೆ ಇದಾಗುತ್ತಿತ್ತಾ, ದೇವರಿಗೆ ಸ್ತೋತ್ರ ಅಂತ ತಮ್ಮಷ್ಟಕ್ಕೇ ಅಂದುಕೊಂಡರು. ಅಪ್ಪನ ಷರತ್ತಿನ ಕಾಲ ಮುಗಿದಿತ್ತು, ನಾನು ತಕರಾರು ಎತ್ತಲಿಲ್ಲ. ಆದರೆ ಬಹಳ ದಿನದಿಂದ ಕೇಳಬೇಕು ಅಂದುಕೊಂಡದ್ದು ನಾಲಿಗೆಗೆ ಬಂತು.

"ಆಂಟಿ, ನಾನು ಏಳದೇ ಹೋಗಿದ್ರೂ ನೀವು ಬರ್ತಿದ್ರಿ, ಅದು ಗೊತ್ತು. ಆಗ್ಲೂ ಸಭೇಲಿ ಎದ್ದು ನಿಂತು ದೇವರಿಗೆ ಸ್ತೋತ್ರ ಅಂತಿದ್ರಾ?"