ಓಡಿದಷ್ಟೂ ಪೆಟ್ರೋಲ್ ಹೆಚ್ಚುವ ಕಾರು

ಓಡಿದಷ್ಟೂ ಪೆಟ್ರೋಲ್ ಹೆಚ್ಚಾಗುವ ಕಾರನ್ನು ನೀವು ನೋಡಿದ್ದೀರಾ? ನಾನು ಹೋದ ಭಾನುವಾರ ಅದರಲ್ಲೇ ಕೂತು ಬಂದೆ.

ಕಾರು ನನ್ನ ಗೆಳತಿ ಶಾಹೀನಾಳ ಅಣ್ಣನದು. ಶಾಹೀನಾ ಸಿಂಧನೂರಿನಲ್ಲಿ ಟೇಲರ್. ಲಿಂಗಸುಗೂರಿನ ಮದುಮಗಳೊಬ್ಬಳಿಗೆ ನಿಕಾಹ್ ಡ್ರೆಸ್ ಹೊಲಿದಿದ್ದಳು. ಮಧ್ಯಾಹ್ನದ ನಮಾಜ್ ಆದಮೇಲೆ ನಿಕಾಹ್. ಅಷ್ಟರೊಳಗೆ ಡ್ರೆಸ್ ಮುಟ್ಟಬೇಕು. ಇವಳು ಡ್ರೈವಿಂಗ್ ಕಲಿತದ್ದೋ ಮೊನ್ನೆ ಮೊನ್ನೆ. ಧೈರ್ಯಕ್ಕೆ ಜೊತೆಗೆ ನಾನು. (ನನಗೆ ಸೈಕಲ್ಲೂ ಬರುವುದಿಲ್ಲ.)

"ಪೆಟ್ರೋಲ್ ಐತೇನಬೇ?" ಅಂದೆ.

"ಮುಳ್ಳು ನೋಡು. C ಅಂದ್ರ ಕಮ್ಮಿ, H ಅಂದ್ರ ಹೆಚ್ಚು. ಈಗ ಕಮ್ಮಿ ಕಡೆ ಐತಿ, ಹಾಕಿಸೋಣು."

ಪಕ್ಕದ ಇನ್ನೊಂದು ಮುಳ್ಳಿಗೆ E, F ಅಂತಿತ್ತಲ್ಲ, ಅದೇನು ಅಂತ ಕೇಳಿದೆ.

"ಅದು ಎಂಜಿನ್, ಫ್ಯಾನ್."

ಹಳೇ ಗಾಡಿ. ಅಕ್ಷರಗಳ ಪಕ್ಕದ ಚಿತ್ರಗಳು ಅಳಿಸಿಹೋಗಿದ್ದವು. ನನಗೂ ಸರಿ ಅನ್ನಿಸಿತು. ಕಾರು ಮಾಡುವವರಿಗೆ ಎಷ್ಟು ಚೆಂದ ಕನ್ನಡ ಬರುತ್ತದಲ್ಲ ಅಂತ ಖುಷಿಯೂ ಆಯಿತು.

ಬಂಕಿನಲ್ಲಿ ಹಾಕಿಸಿಕೊಂಡು ಹೊರಟೆವು. ಕಾಲುವೆ ದಾಟಿದೆವು, ಮುಳ್ಳು ಏರಿತು. ಗದ್ದೆಗಳು ಮುಗಿದವು, ಇನ್ನೂ ಏರಿತು.

"ನಮ್ಮ ಭಾಯಿ ಗಾಡಿ ಮೈಲೇಜ್ ಹೆಂಗೈತಿ ನೋಡು," ಎಂದು ಶಾಹೀನಾ ಬೀಗಿದಳು. ನನಗೆ ಮಾತ್ರ ಅನುಮಾನ. ಓಡುವ ಗಾಡಿಯಲ್ಲಿ ಎಣ್ಣೆ ಹುಟ್ಟುವುದು ಎಲ್ಲಿಂದ?

ಮಸ್ಕಿ ದಾಟುತ್ತಿದ್ದಂತೆ ಬಾನೆಟ್ಟಿನಿಂದ ಹೊಗೆ. ಬೇವಿನ ಮರದ ಕೆಳಗೆ ನಿಲ್ಲಿಸಿ ಅಣ್ಣನಿಗೆ ಫೋನ್ ಮಾಡಿದಳು.

"ಭಾಯಿ, ಪೆಟ್ರೋಲ್ ಭರಪೂರ ಐತಿ. ಮುಳ್ಳು H ದಾಟೈತಿ."

"ಅದು ಪೆಟ್ರೋಲಲ್ಲಬೇ, ಎಂಜಿನ್ ಬಿಸಿ. C ಕೋಲ್ಡು, H ಹಾಟು. ಪೆಟ್ರೋಲಿಂದು E, F. ಎಂಪ್ಟಿ, ಫುಲ್. ಗಾಡಿ ಬಂದ್ ಮಾಡು. ಪೂರಾ ತಣ್ಣಗಾಗೋತನಕ ರೇಡಿಯೇಟರ್ ಮುಚ್ಚಳ ಮುಟ್ಟಬ್ಯಾಡ, ಕುದಿಯೋ ನೀರು ಮುಖಕ್ಕ ಚಿಮ್ಮತೈತಿ."

ಕಾಯುತ್ತಾ ಎರಡೂ ಮುಳ್ಳುಗಳನ್ನು ನೋಡುತ್ತಾ ಕೂತೆ. ಎಂಥಾ ಮಜಾ! ಒಂದು ಇಳಿದರೆ ಚಿಂತೆ, ಇನ್ನೊಂದು ಏರಿದರೆ ಚಿಂತೆ. ನಟ್ಟನಡುವೆ ನಿಂತರೆ ಒಂದು ಅರ್ಧ ಖಾಲಿ, ಇನ್ನೊಂದು ಸರಿಯಾದ ಹದ. ಇಷ್ಟು ವರ್ಷ ಕಂಡವರ ಕಾರಿನಲ್ಲೆಲ್ಲ ಕೂತಿದ್ದೇನೆ, ಒಮ್ಮೆಯೂ ಅತ್ತ ನೋಡಿರಲಿಲ್ಲ.

ಶಾಹೀನಾ ಡ್ರೆಸ್ಸಿನ ಕವರ್ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮದುವೆ ಮನೆಯಿಂದ ಫೋನ್ ಬರುತ್ತಲೇ ಇತ್ತು. ಎತ್ತಲು ಅವಳಿಗೆ ಧೈರ್ಯವಿರಲಿಲ್ಲ. ನನಗೆ ಪಾಪ ಅನ್ನಿಸಿತು.

ಎಂಜಿನ್ ತಣಿದ ಮೇಲೆ ನೀರು ಹಾಕಿ, ಮುಳ್ಳಿನ ಮೇಲೆ ಕಣ್ಣಿಟ್ಟು ನಿಧಾನ ಹೊರಟೆವು. ಲಿಂಗಸುಗೂರು ಮುಟ್ಟಿದಾಗ ಜನ ನಮಾಜ್ ಮುಗಿಸಿ ಬರುತ್ತಿದ್ದರು. ಮದುಮಗಳು ಡ್ರೆಸ್ಸನ್ನು ಎದೆಗವಚಿಕೊಂಡು ಅತ್ತೇಬಿಟ್ಟಳು.

"ಮುಂಜಾನಿಂದ ಎಲ್ಲಾರೂ ಉಂಡಿಯೇನು, ಉಂಡಿಯೇನು ಅಂತ ಕೇಳಾಕತ್ತಾರ ಆಪಾ. ನನ್ನ ಎದಿ ಕುದಿಯಾಕತ್ತಿದ್ದು ಒಬ್ಬರಿಗೂ ಕಾಣಲಿಲ್ಲ."

ನಾವೂ ಅಷ್ಟೇ ಅಲ್ಲವೇ? ಸಿಕ್ಕವರನ್ನೆಲ್ಲ "ಊಟ ಆತೇನ್ರಿ?" ಅಂತ ಕೇಳುತ್ತೇವೆ. ಅದು ಪೆಟ್ರೋಲಿನ ಮುಳ್ಳು.

ಇನ್ನೊಂದು ಮುಳ್ಳನ್ನು ನೋಡುವವರು ಯಾರು?