ಶನಿವಾರದ ತಪಾಸಣೆ

ಅತ್ತೆ ಮಂಚದಿಂದ ಬೀಳಬಹುದಿತ್ತು. ಬಿದ್ದದ್ದನ್ನು ನರ್ಸಿಂಗ್ ಹೋಮಿನವರು ನಮಗೆ ಹೇಳದೆ ಮುಚ್ಚಿಡಬಹುದಿತ್ತು. ಮಗ್ಗುಲು ಬದಲಿಸುವವರಿಲ್ಲದೆ ಬೆನ್ನಿನಲ್ಲಿ ಹುಣ್ಣಾಗಬಹುದಿತ್ತು, ಅದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅಂಗೈ ಅಗಲವಾಗಿರಬಹುದಿತ್ತು. ಅತ್ತೆಯ ಶುಗರ್ ಮಾತ್ರೆ ಪಕ್ಕದ ಮಂಚಕ್ಕೂ, ಪಕ್ಕದ ಮಂಚದ ನಿದ್ದೆ ಮಾತ್ರೆ ಅತ್ತೆಗೂ ಹೋಗಬಹುದಿತ್ತು. ಸ್ನಾನದ ನೀರು ಹದ ತಪ್ಪಿ ಮೈ ಸುಡಬಹುದಿತ್ತು. ಹದ ನೋಡುತ್ತಾ ನಿಂತರೆ ನೀರು ಆರಿ, ನೆಗಡಿಯಾಗಿ, ನೆಗಡಿ ಎದೆಗಿಳಿಯಬಹುದಿತ್ತು. ಕೊರಳಿನ ಲಿಂಗದ ಕರಡಿಗೆ ಬಚ್ಚಲಿನ ಗೂಟದಲ್ಲೇ ಉಳಿದುಹೋಗಬಹುದಿತ್ತು. ಹಲ್ಲಿನ ಸೆಟ್ಟು ಬೇರೆ ಯಾರದೋ ಬಾಯಿ ಸೇರಬಹುದಿತ್ತು. ಯಾರೂ ಮಾತಾಡಿಸದೆ ಅತ್ತೆ ಗೋಡೆಯ ಕಡೆ ತಿರುಗಿ ಮಲಗಿಬಿಡಬಹುದಿತ್ತು. ಅಥವಾ, ಇದನ್ನು ನಾನು ಯಾರ ಹತ್ತಿರವೂ ಹೇಳಿಲ್ಲ, ಅಲ್ಲೇ ನಮ್ಮ ಮನೆಗಿಂತ ಚೆನ್ನಾಗಿದೆ ಎಂದು ಅವರಿಗೆ ಅನ್ನಿಸಿಬಿಡಬಹುದಿತ್ತು.

ಇವಿಷ್ಟನ್ನೂ ನಾನು ಕಡೂರಿನಿಂದ ತರೀಕೆರೆಗೆ ಹೋಗುವ ಬಸ್ಸಿನಲ್ಲಿ, ಬೀರೂರು ದಾಟುವುದರೊಳಗೆ ಯೋಚಿಸಿ ಮುಗಿಸುತ್ತಿದ್ದೆ. ಬೀರೂರಿನಿಂದ ಮುಂದಕ್ಕೆ ಮತ್ತೆ ಮೊದಲಿನಿಂದ.

ಅತ್ತೆ ಬಿದ್ದದ್ದು ಅಜ್ಜಂಪುರದಲ್ಲಿ, ನನ್ನ ನಾದಿನಿಯ ಮನೆಯಲ್ಲಿ. ಅವಳ ಮೊಮ್ಮಗುವಿನ ನಾಮಕರಣಕ್ಕೆಂದು ನಾವೆಲ್ಲ ಹೋಗಿದ್ದೆವು. ಆರತಿಗೆ ಮುಂಚೆ ಕೈ ತೊಳೆಯಲು ಬಚ್ಚಲಿಗೆ ಹೋದವರು ಅಲ್ಲೇ ಜಾರಿದರು. ಸೊಂಟದ ಮೂಳೆ ಮುರಿದಿತ್ತು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಬಿಡುಗಡೆ ಮಾಡುವಾಗ ಡಾಕ್ಟರು ನೇರವಾಗಿ ಹೇಳಿದರು: "ನಮ್ಮ ಕೆಲಸ ಮುಗೀತು. ಇನ್ನು ದಿನಾ ನಿಲ್ಲಿಸ್ಬೇಕು, ನಡೆಸ್ಬೇಕು. ಒಂದೂವರೆ ತಿಂಗಳೊಳಗೆ ಕಾಲೂರಲಿಲ್ಲ ಅಂದ್ರೆ, ಆಮೇಲೆ ಊರೋದು ಕಷ್ಟ. ಹಾಸಿಗೇನೇ ಗತಿ."

ಅತ್ತೆ ಇಷ್ಟು ವರ್ಷವೂ ಕಡೂರಿನಲ್ಲಿ ನಮ್ಮ ಜೊತೆಗೇ ಇದ್ದವರು. ಆದರೆ ನಮ್ಮದು ಮಹಡಿ ಮನೆ, ಹದಿನೆಂಟು ಮೆಟ್ಟಿಲು. ನಾನು ಸಖರಾಯಪಟ್ಟಣದ ಆಚೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಟೀಚರು. ಬೆಳಗ್ಗೆ ಎಂಟಕ್ಕೆ ಹೊರಟರೆ ಬರುವುದು ಸಂಜೆ. ಯಜಮಾನರು ಕೊಬ್ಬರಿ ವ್ಯಾಪಾರದಲ್ಲಿ ಊರೂರು ತಿರುಗುವವರು. ಅದೂ ಅಲ್ಲದೆ ನನ್ನ ಸೊಂಟದ ಡಿಸ್ಕು ಜಾರಿ ಎರಡು ವರ್ಷವಾಗಿದೆ. ನಾನು ಅತ್ತೆಯನ್ನು ಎತ್ತಲು ಹೋದರೆ ಶಿವಮೊಗ್ಗದಲ್ಲಿ ಇಬ್ಬರಿಗೂ ಅಕ್ಕಪಕ್ಕದ ಹಾಸಿಗೆ ಬೇಕಾಗುತ್ತಿತ್ತು. ಹಾಗಾಗಿ ತರೀಕೆರೆಯ ಆ ನರ್ಸಿಂಗ್ ಹೋಮಿಗೆ ಸೇರಿಸಿದೆವು. ನಮ್ಮ ಕಡೆ ನರ್ಸಿಂಗ್ ಹೋಂ ಎಂದರೆ ಹೆರಿಗೆಗೆ ಹೋಗುವ ಜಾಗ. ಇದು ಹಾಗಲ್ಲ, ಏಳಲಾಗದ ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆ. ಒಟ್ಟು ಒಂಬತ್ತು ಜನ, ಒಬ್ಬರು ಹಿರಿಯ ಸಿಸ್ಟರ್, ಇಬ್ಬರು ಆಯಾಗಳು, ದಿನಕ್ಕೊಮ್ಮೆ ಬಂದು ವ್ಯಾಯಾಮ ಮಾಡಿಸುವ ಒಬ್ಬ ಫಿಸಿಯೋ.

ನಾದಿನಿಗೆ ಇದನ್ನು ತಿಳಿಸುವ ಕೆಲಸ ನನ್ನದೇ ಆಯಿತು. ಫೋನಿನಲ್ಲಿ ಅವಳು ಪೂರ್ತಿ ಕೇಳಿಸಿಕೊಂಡಳು.

"ಅಲ್ಲ ಅತ್ತಿಗೆ, ಅಮ್ಮನ್ನ ಹಾಸ್ಟೆಲ್‌ಗೆ ಸೇರಿಸಿದ್ರಿ ಅನ್ನಿ."

"ಒಂದೂವರೆ ತಿಂಗಳು ಕಣಮ್ಮಾ. ನಡೆಯೋ ಹಂಗಾದ್ರೆ ಕರ್ಕೊಂಡ್ ಬರೋದೇ."

"ಆಗ್ಲಿಲ್ಲ ಅಂದ್ರೆ?"

"ನಿಮ್ಮನೆ ಬಚ್ಚಲಿಗೆ ಹಿಡ್ಕೊಳ್ಳೋಕೆ ಒಂದು ಕಂಬಿ ಹಾಕಿಸಿದ್ದಿದ್ರೆ" ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ನುಂಗಿಕೊಂಡೆ. ನುಂಗಿದ್ದಕ್ಕೆ ಆವತ್ತಿನಿಂದ ನನ್ನನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೇನೆ.

ಹೀಗೆ ನನ್ನ ತಪಾಸಣೆ ಶುರುವಾಯಿತು. ಇಪ್ಪತ್ತೇಳು ವರ್ಷ ಸರ್ಕಾರಿ ಶಾಲೆಯಲ್ಲಿದ್ದವಳಿಗೆ ತಪಾಸಣೆ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸಾಹೇಬರು ಬರುವ ದಿನ ಸಾಂಬಾರಿಗೆ ಬೀನ್ಸ್ ಬೀಳುತ್ತದೆ. ವರ್ಷವಿಡೀ ಕಳೆದುಹೋಗಿದ್ದ ಶೌಚಾಲಯದ ಬೀಗದ ಕೈ ಸಿಗುತ್ತದೆ. ಓದುವ ಹುಡುಗಿಯರು ಮುಂದಿನ ಬೆಂಚಿಗೆ ಬರುತ್ತಾರೆ. ಮೂರು ತಿಂಗಳ ಪಾಠ ಟಿಪ್ಪಣಿಯನ್ನು ನಾನೇ ಒಂದೇ ಸಂಜೆ ಕೂತು ಬರೆದದ್ದುಂಟು, ಅನುಮಾನ ಬರದಿರಲೆಂದು ಮೂರು ಬೇರೆ ಬೇರೆ ಪೆನ್ನಿನಲ್ಲಿ. ಆದ್ದರಿಂದ ಹೇಳಿ ಹೋದರೆ ಏನೂ ತಿಳಿಯುವುದಿಲ್ಲ, ಹೇಳದೆ ಕೇಳದೆ ನುಗ್ಗಬೇಕು ಎಂದು ತೀರ್ಮಾನಿಸಿದೆ. ನುಗ್ಗುತ್ತಲೂ ಇದ್ದೆ. ಪ್ರತಿ ಶನಿವಾರ, ಬೆಳಗಿನ ಶಾಲೆ ಮುಗಿಸಿ, ಎರಡು ಗಂಟೆಗೆ ತರೀಕೆರೆ ಮುಟ್ಟುವ ಬಸ್ಸಿನಲ್ಲಿ.

ಮೊದಲು ಮೂಗು. ಬಾಗಿಲಲ್ಲಿ ನಿಂತು ಒಂದು ಸಲ ಉಸಿರೆಳೆದುಕೊಂಡರೆ ಅರ್ಧ ವಿಷಯ ತಿಳಿಯುತ್ತದೆ. ಫಿನಾಯಿಲ್ ವಾಸನೆ ಜೋರಾಗಿದ್ದರೆ ಏನನ್ನೋ ಮುಚ್ಚುತ್ತಿದ್ದಾರೆ ಎಂದರ್ಥ. ಅಲ್ಲಿ ಫಿನಾಯಿಲ್ ಹದವಾಗಿತ್ತು, ಜೊತೆಗೆ ಸಾರಿನ ಒಗ್ಗರಣೆ. ಆಮೇಲೆ ಹಾಸಿಗೆಯ ಕೆಳಗೆ ಕೈ ಹಾಕಿ ತೇವ ನೋಡುವುದು. ಅತ್ತೆಯ ಹಿಮ್ಮಡಿ, ಬೆನ್ನು, ಸೊಂಟ ನೋಡುವುದು. ಕೆಂಪಿರಲಿಲ್ಲ. ಹೂಜಿಯ ನೀರನ್ನು ನಾನೇ ಕುಡಿದು ನೋಡುವುದು. ಬಳಿಕ ಮಂಚಕ್ಕೆ ತೂಗುಹಾಕಿದ ಚಾರ್ಟು: ಎಷ್ಟು ಹೊತ್ತಿಗೆ ಮಗ್ಗುಲು ಬದಲಿಸಿದರು, ಬಿ.ಪಿ. ಎಷ್ಟು, ಊಟ ಎಷ್ಟು. ಬರವಣಿಗೆ ಮೂರು ಪೆನ್ನಿನಲ್ಲಿತ್ತು. ದಿನದಿನವೂ ಬರೆದಿದ್ದಾರೆ ಎಂದು ಮೊದಲು ಸಮಾಧಾನವಾಯಿತು. ಮೂರು ಪೆನ್ನಿನ ಮಹಿಮೆ ನೆನಪಾಗಿ ಮರುಕ್ಷಣವೇ ಚಾರ್ಟನ್ನು ಮತ್ತೆ ಮೊದಲಿನಿಂದ ಓದಿದೆ.

ಒಂದು ಸಲ ಗಡಿಯಾರ ನೋಡುತ್ತಾ ಕರೆಗಂಟೆ ಒತ್ತಿದೆ. ಆಯಾ ಬರಲು ನಾಲ್ಕು ನಿಮಿಷ ಹಿಡಿಯಿತು. ಕೈಯಲ್ಲಿ ಅನ್ನದ ಚಮಚ ಹಾಗೇ ಇತ್ತು; ಯಾರಿಗೋ ಉಣಿಸುತ್ತಿದ್ದವಳು ಎದ್ದು ಬಂದಿದ್ದಳು.

"ಏನ್ಬೇಕಿತ್ತಕ್ಕಾ?"

"ಏನಿಲ್ಲ, ಸುಮ್ನೆ ಕೆಲಸ ಮಾಡ್ತದಾ ಅಂತ ನೋಡಿದೆ."

ಅವಳು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕು ನಿಮಿಷ ಹೆಚ್ಚೇ ಎಂದು ವಾಪಸು ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಮನೆಯಲ್ಲಿ ಅತ್ತೆ ಕರೆದಾಗ ನಾನು "ಬಂದೆ, ಬಂದೆ" ಎನ್ನುತ್ತಾ ಎಷ್ಟು ನಿಮಿಷ ತೆಗೆದುಕೊಳ್ಳುತ್ತಿದ್ದೆ ಎನ್ನುವುದು ಆ ಲೆಕ್ಕಕ್ಕೆ ಬರಬಾರದಿತ್ತು, ಬಂತು. ಲಿಂಗಪೂಜೆಯದೂ ಅಷ್ಟೆ. ಅತ್ತೆ ಪೂಜೆಯಾಗದೆ ಬಾಯಿಗೆ ಏನೂ ಹಾಕುವವರಲ್ಲ. ಅಲ್ಲಿ ಆಯಾ ಸ್ನಾನ ಮಾಡಿಸಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ವಿಭೂತಿ, ನೀರು, ಎರಡು ಪತ್ರೆ ಕೈಗಿಟ್ಟು, ಮುಗಿಯುವ ತನಕ ತಿಂಡಿಯ ತಟ್ಟೆ ಮುಚ್ಚಿಟ್ಟುಕೊಂಡು ಕಾಯುತ್ತಿದ್ದಳಂತೆ. ನಾನು ಶಾಲೆಯ ಬಸ್ಸಿನ ಅವಸರದಲ್ಲಿ "ಬೇಗ ಆಗ್ಲಿ ಅತ್ತೆ, ದೇವ್ರಿಗೂ ಗೊತ್ತು ನನ್ನ ಬಸ್ಸಿನ ಟೈಮು" ಎನ್ನುತ್ತಿದ್ದವಳು. ಅವರ ಸೇವೆಯ ಗುಣಮಟ್ಟ ತೂಗಲು ಹೋದಾಗಲೆಲ್ಲ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ನಾನೇ ಕೂತಿರುತ್ತಿದ್ದೆ, ಮತ್ತು ನನ್ನ ತಟ್ಟೆ ಮೇಲಕ್ಕೇ ಹೋಗುತ್ತಿತ್ತು.

ಆದರೆ ಒಂದು ವಿಷಯದಲ್ಲಿ ಮಾತ್ರ ನನ್ನ ಚಿಂತೆಗೆ ಆಧಾರವಿತ್ತು. ಅತ್ತೆ ನಿಲ್ಲುತ್ತಿರಲಿಲ್ಲ. ಚಾರ್ಟಿನಲ್ಲಿ ದಿನವೂ ಒಂದೇ ಸಾಲು: ನಿಲ್ಲಲು ಒಪ್ಪಲಿಲ್ಲ. ಒಂದು ವಾರವಾಯಿತು, ಮೂರಾಯಿತು, ಐದಾಯಿತು.

"ಯಾಕತ್ತೆ, ನೋವಾ?"

"ನೋವೇನಿಲ್ಲ. ಕಾಲಿಗೆ ನಂಬಿಕೆ ಇಲ್ಲ ಕಣೇ. ನಿಂತ್ರೆ ಆ ಬಚ್ಚಲ ಕಲ್ಲೇ ಕಣ್ಮುಂದೆ ಬತ್ತದೆ."

ಸಿಸ್ಟರನ್ನು ಪಕ್ಕಕ್ಕೆ ಕರೆದು ಕೇಳಿದೆ. "ನೀವು ಸ್ವಲ್ಪ ಗದರಿಸಿಯಾದ್ರೂ ನಿಲ್ಲಿಸ್ಬಾರ್ದಾ?"

"ಗದರಿಸಿ ನಿಲ್ಲಿಸಿದ್ರೆ ಬೀಳ್ತಾರೆ ಮೇಡಂ. ಬಿದ್ರೆ ನೀವು ನಮ್ಮನ್ನ ಬಿಡ್ತೀರಾ?"

ಬಿಡುತ್ತಿರಲಿಲ್ಲ. ಆದರೂ ಬಸ್ಸಿನಲ್ಲಿ ಕೂತ ಮೇಲೆ ಅದೇ ಮಾತು ಬೇರೆಯಾಗಿ ಕೇಳಿಸಿತು. ಹಾಸಿಗೆಯಲ್ಲೇ ಇರುವವರನ್ನು ನೋಡಿಕೊಳ್ಳುವುದು ಸುಲಭ, ನಡೆಯುವವರೇ ಅಪಾಯ. ಇವರಿಗೆ ಅತ್ತೆ ನಡೆಯುವುದೇ ಬೇಡವೇನೋ? ಹಿಮ್ಮಡಿ ಕೆಂಪಿಲ್ಲ, ಹಾಸಿಗೆ ಒದ್ದೆಯಿಲ್ಲ, ಎಲ್ಲ ಸರಿ. ಸರಿಯಾಗಿಯೇ ನೋಡಿಕೊಂಡು ಸರಿಯಾಗಿಯೇ ಮಲಗಿಸಿಬಿಟ್ಟರೆ?

ರಾತ್ರಿಯ ಊಟದ ಹೊತ್ತಿಗೆ ಇದನ್ನೆಲ್ಲ ಯಜಮಾನರ ಮುಂದೆ ಹರಡಿದೆ. ಅವರು ಮಜ್ಜಿಗೆ ಕಲಸಿಕೊಳ್ಳುತ್ತಾ ಹೇಳಿದರು: "ನೀನು ಹಿಂಗೇ ಯೋಚ್ನೆ ಮಾಡ್ತಿದ್ರೆ ಅಮ್ಮನ ಪಕ್ಕದ ಮಂಚ ನಿಂಗೇ ಹಿಡಿಸ್ಬೇಕಾಯ್ತದೆ ನೋಡು." ಆಮೇಲೆ ಕೈ ತೊಳೆದು ಬಂದು, ಧ್ವನಿ ತಗ್ಗಿಸಿ, "ಅಮಾಸೆ ಕಳೀಲಿ. ಅಷ್ಟರೊಳಗೆ ನಿಲ್ಲಲಿಲ್ಲ ಅಂದ್ರೆ ಶಿವಮೊಗ್ಗಕ್ಕೇ ದೊಡ್ಡ ಜಾಗಕ್ಕೆ ಸೇರಿಸಾಣ. ಅಲ್ಲೇ ಇರ್ತಾಳೆ" ಎಂದರು. ಅಲ್ಲೇ ಇರುತ್ತಾಳೆ ಎಂದಾಗ ಅವರು ನನ್ನ ಮುಖ ನೋಡಲಿಲ್ಲ. ಅಮಾವಾಸ್ಯೆಗೆ ಒಂಬತ್ತು ದಿನವಿತ್ತು. ಶನಿವಾರ ಒಂದೇ ಉಳಿದಿತ್ತು.

ಆ ಶನಿವಾರ ಶಾಲೆಗೆ ರಜೆ ಇತ್ತು. ಮನೆಯಲ್ಲಿ ಕೂರಲಾಗದೆ ಬೆಳಗಿನ ರೈಲು ಹತ್ತಿದೆ. ತರೀಕೆರೆಯಲ್ಲಿ ಇಳಿದು ಆಟೋ ಹಿಡಿದು ಆ ಮನೆಯ ಗೇಟು ತೆಗೆಯುವಾಗ ಹನ್ನೊಂದೂ ಆಗಿರಲಿಲ್ಲ. ಜಗುಲಿಯಲ್ಲಿ ಚಪ್ಪಲಿ ಬಿಡುತ್ತಿದ್ದಾಗ ತೆರೆದ ಕಿಟಕಿಯಿಂದ ಒಳಗಿನ ನಗು ಕೇಳಿಸಿತು. ಅದರ ಹಿಂದೆಯೇ ಪಕ್ಕದ ಮಂಚದ ಅಜ್ಜಿಯ ಗಾಬರಿಯ ಧ್ವನಿ.

"ಲೇ, ಜಗ್ಲಿ ಮೇಲೆ ನಿನ್ನ ಸೊಸೆ ಅವ್ಳೆ ಕಣೇ!"

"ಅವಳಾ? ಅವಳು ಬರೋದು ಎರಡು ಗಂಟೆ ಬಸ್ಸಿಗೆ." ಇದು ಅತ್ತೆ.

"ನಾನೇನು ಕುರುಡೀನಾ? ಚಪ್ಪಲಿ ಬಿಡ್ತಾವ್ಳೆ, ನೋಡು!"

"ಅಯ್ಯೋ ಶಿವ್ನೇ! ಬೆಡ್‌ಶೀಟ್ ಎಳ್ಕಳೇ! ಆ ಪ್ಲೇಟು ಮಂಚದ ಕೆಳಕ್ ತಳ್ಳು! ಆಯಾ ಎಲ್ಲೋದ್ಲು?"

ಕಿಟಕಿಯ ಸರಳಿನ ಹಿಂದೆ ನಾನು ನಿಂತಲ್ಲೇ ನಿಂತೆ. ಅಂದರೆ ಐದು ವಾರದಿಂದ ನಾನು ನಡೆಸುತ್ತಿದ್ದ ದಿಢೀರ್ ತಪಾಸಣೆಗೆ ಆ ಕೋಣೆ ಪ್ರತಿ ಶನಿವಾರವೂ ಸಜ್ಜಾಗಿ ಕಾಯುತ್ತಿತ್ತು. ಸಜ್ಜು ಮಾಡಿಸುತ್ತಿದ್ದದ್ದು ಸಿಸ್ಟರ್ ಅಲ್ಲ, ಫಿಸಿಯೋ ಅಲ್ಲ, ನಮ್ಮ ಅತ್ತೆ.

ಅತ್ತೆ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಮಡಿಲಲ್ಲಿ ಪೇಪರು ಹರಡಿಕೊಂಡು ಖಾರ ಮಂಡಕ್ಕಿ, ಮೇಲೆ ಎರಡು ಮೆಣಸಿನಕಾಯಿ ಬಜ್ಜಿ. ಪಕ್ಕದ ಅಜ್ಜಿಯ ಮಗಳು ತಂದುಕೊಟ್ಟದ್ದು ಎಂದು ಆಮೇಲೆ ತಿಳಿಯಿತು. ಬಿ.ಪಿ. ಇದೆ, ಬಜ್ಜಿ ಬೇಡ ಎಂದು ಆ ಮನೆಯ ಎಲ್ಲರಿಗೂ ಕೈಮುಗಿದು ಹೇಳಿ ಬಂದವಳು ನಾನೇ. ಅತ್ತೆ ಆಚೆ ನೋಡಿದರು, ಈಚೆ ನೋಡಿದರು. ಕಸದ ಡಬ್ಬಿ ಬಾಗಿಲ ಪಕ್ಕದಲ್ಲಿತ್ತು. ಆಯಾ ಎಲ್ಲೂ ಕಾಣಲಿಲ್ಲ.

ಅವರು ಪೇಪರನ್ನು ಗಂಟು ಕಟ್ಟಿ ಎಡಗೈಯಲ್ಲಿ ಹಿಡಿದರು. ಬಲಗೈಯಲ್ಲಿ ಮಂಚದ ಕಂಬಿ ಹಿಡಿದು ಎದ್ದರು. ಎದ್ದು ನಿಂತರು. ಕಂಬಿ ಬಿಟ್ಟು ಒಂದು ಹೆಜ್ಜೆ ಇಟ್ಟರು. ನಾನು ಕೂಗಲು ಬಾಯಿ ತೆರೆದೆ, ಕೂಗಿದರೆ ಬೀಳುತ್ತಾರೆಂದು ಮುಚ್ಚಿಕೊಂಡೆ. ಇನ್ನೊಂದು ಹೆಜ್ಜೆ. ಪಕ್ಕದ ಮಂಚದ ಅಂಚನ್ನು ಮುಟ್ಟಿ ಮತ್ತೊಂದು. ಸೀರೆಯ ನೆರಿಗೆಯಿಂದ ಮಂಡಕ್ಕಿ ನೆಲಕ್ಕೆ ಉದುರುತ್ತಿತ್ತು. ನಾನು ಎಣಿಸಿದ್ದು ಐದು ಹೆಜ್ಜೆ. ಪಕ್ಕದ ಅಜ್ಜಿ ಆಮೇಲೆ ಏಳು ಎಂದು ವಾದ ಮಾಡಿದರು.

ಗಂಟು ಡಬ್ಬಿಗೆ ಬಿತ್ತು. ಅತ್ತೆ ಬಾಗಿಲ ಚೌಕಟ್ಟು ಹಿಡಿದು ತಿರುಗಿದರು. ನಾನು ಅಷ್ಟರಲ್ಲಿ ಒಳಗೆ ಬಂದಿದ್ದೆ. ಇಬ್ಬರ ನಡುವೆ ಒಂದು ಮಾರು ಜಾಗವೂ ಇರಲಿಲ್ಲ. ಅವರು ನನ್ನ ಮುಖ ನೋಡಿದರು, ಆಮೇಲೆ ಬಗ್ಗಿ ತಮ್ಮ ಕಾಲು ನೋಡಿಕೊಂಡರು, ಅದು ಬೇರೆ ಯಾರದೋ ಕಾಲು ಎನ್ನುವ ಹಾಗೆ. ಬೆಚ್ಚಿ ಒಂದು ಹೆಜ್ಜೆ ಹಿಂದಿಟ್ಟಾಗ ಹೆಬ್ಬೆರಳು ಡಬ್ಬಿಯ ಕಬ್ಬಿಣದ ಪೆಡಲಿಗೆ ತಗುಲಿತು. "ಹಾ" ಎಂದರು. ನಾನು ಎರಡೂ ತೋಳು ಹಿಡಿದೆ. ನನ್ನ ಡಿಸ್ಕು ಏನೋ ಹೇಳಿತು, ಕೇಳಿಸಿಕೊಳ್ಳಲಿಲ್ಲ. ಸಿಸ್ಟರ್ ಓಡಿ ಬಂದರು, ಅವರ ಹಿಂದೆ ಬಕೆಟ್ಟು ಹಿಡಿದ ಆಯಾ.

"ಯಾರು ನಿಲ್ಲಿಸಿದ್ದು ಇವ್ರನ್ನ?" ಸಿಸ್ಟರ್ ಕೇಳಿದ್ದು ನನ್ನನ್ನು.

"ಇವಳೇ," ಅತ್ತೆ ನನ್ನ ತೋಳಿಗೆ ಭಾರ ಬಿಟ್ಟು ಹೇಳಿದರು. "ಐದು ವಾರದಿಂದ ಆ ವ್ಯಾಯಾಮದ ಹುಡುಗ ಅಮ್ಮಾ ತಾಯಿ ಅಂತ ಅಂಗಲಾಚಿದ, ಏಳಲಿಲ್ಲ ನಾನು. ಇವಳ ಭಯಕ್ಕೆ ಎದ್ದೆ ನೋಡು."

"ನಾನೇನ್ ಹೊಡಿತೀನಾ ಅತ್ತೆ?"

"ಹೊಡೆದ್ರೆ ತಡ್ಕಬೋದು. ನೀನು ಪ್ರಶ್ನೆ ಕೇಳ್ತೀಯಲ್ಲ, ಅದು ಆಗಲ್ಲ."

ಪಕ್ಕದ ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಾನೂ ನಕ್ಕೆ, ನಗುತ್ತಲೇ ಕಣ್ಣೊರೆಸಿಕೊಂಡೆ. ಸಿಸ್ಟರ್ ಅತ್ತೆಯನ್ನು ಕೂರಿಸದೆ ವಾಕರ್ ತರಿಸಿದರು. "ಎದ್ದಿದ್ದೀರಲ್ಲ, ಹಂಗೇ ಮಂಚದ ತನಕ ಬನ್ನಿ ಅಜ್ಜಿ" ಎಂದು ಪಕ್ಕದಲ್ಲಿ ನಡೆದರು. ಅತ್ತೆ ಬೈಯುತ್ತಾ ಬಂದರು. ಆದರೆ ಬಂದರು.

ಯಜಮಾನರಿಗೆ ಫೋನ್ ಮಾಡಿದೆ. "ರೀ, ಅತ್ತೆ ನಡೆದ್ರು ಕಣ್ರೀ." ಆ ಕಡೆ ಕೊಬ್ಬರಿ ಮೂಟೆ ಎತ್ತುವವರ ಗದ್ದಲವಿತ್ತು. ಅವರು ಅದರಿಂದ ಆಚೆ ಬಂದರು. ಆಮೇಲೆ, "ಏನೂ ತೊಂದ್ರೆ ಆಗ್ಲಿಲ್ಲ ತಾನೆ?" ಎಂದರು. ಜೀವಮಾನದಲ್ಲಿ ಒಮ್ಮೆಯಾದರೂ ನನ್ನ ಪ್ರಶ್ನೆಯನ್ನು ಅವರು ಕೇಳಿದರಲ್ಲ ಎಂದು ಸಂತೋಷವಾಯಿತು.

ಅಷ್ಟರಲ್ಲಿ ಸಿಸ್ಟರ್ ಅತ್ತೆಯ ಪಾದವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಹತ್ತಿಯಲ್ಲಿ ಒರೆಸಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಶುಗರ್ ಇರುವವರ ಕಾಲು, ಕೀವಾದರೆ, ಬೆರಳಿಗೇ ಬಂದರೆ ಎಂದು ನಾನು ಶುರು ಮಾಡುವ ಮೊದಲೇ ಅವರು ತಲೆ ಎತ್ತದೆ ಹೇಳಿದರು: "ಚರ್ಮ ಒಡೆದಿಲ್ಲ ಮೇಡಂ, ರಕ್ತಾನೂ ಇಲ್ಲ. ಉಗುರಿನ ತುದಿ ಒಂದು ಚೂರು ಮುರಿದಿದೆ, ಅಷ್ಟೆ."