ಆ ಬೋರ್ಡ್ ಮೇಲೆ ಏನಿದೆ, ಪುಟ್ಟಿ?

ಆಟೋ ಸೀಟಿನ ಮೇಲೆ ಒಂದು ತೊಂಡೆ ಎಲೆ ಬಿದ್ದಿದೆ. ನಂಗೆ ಅಕ್ಷರ ಕಲಿಸಿದ ಮಿಸ್ಸು ಮಾರ್ಕೆಟ್ಟಿಂದ ತಂದ ಚೀಲದಿಂದ ಉದುರಿರ್ಬೇಕು. ಹಿಚುಕಿ ಮೂಸಿದೆ ನೋಡಿ, ಒಂದನೇ ಕ್ಲಾಸು ಕಣ್ಮುಂದೆ ಬಂದ್ಬುಡ್ತು. ತೊಂಡೆ ಸೊಪ್ಪಿನ ಜೊತೆ ಇದ್ದಿಲು ಸೇರಿಸಿ ಸ್ಲೇಟು ಉಜ್ಜಿದ್ರೆ ಹೊಸದರ ಹಂಗೆ ಕಪ್ಪಾಗೋದು. ನೀವೂ ಚಿಕ್ಕೋರಿದ್ದಾಗ ಉಜ್ಜಿರ್ತೀರ. ನಾನು ಉಜ್ಜಿದ್ದು ಮೀಸೆ ಬಂದಮೇಲೆ.

ಈಗ ಕಣ್ಣಾಸ್ಪತ್ರೆ ಗೇಟಿನ ಎದುರು ಆಟೋ ನಿಲ್ಸ್ಕೊಂಡು ಫೋನಲ್ಲಿ ಇದನ್ನ ಟೈಪ್ ಮಾಡ್ತಾ ಇದೀನಿ. ಒಂದೊಂದೇ ಅಕ್ಷರ ಹುಡುಕಿ ಒತ್ಬೇಕು. ಒಳಗಡೆ ಮಿಸ್ಸು, ಅವರ ಮಗಳು ಪುಟ್ಟಿ ಇದಾರೆ. ಸುಮ್ನೆ ಕೂತ್ರೆ ತಲೆ ಕೆಟ್ಟೋಗುತ್ತೆ, ಅದಕ್ಕೇ ನಿಮ್ಮ ಹತ್ರ ಮಾತಾಡ್ತಾ ಇದೀನಿ.

ನಂದು ನಂಜನಗೂಡು. ಮೈಸೂರಿಗೆ ಬಂದು ಆಟೋ ಹಿಡಿದಾಗ ನಂಗೆ ಓದೋಕೆ ಬರ್ತಿರ್ಲಿಲ್ಲ. ಲೈಸೆನ್ಸ್ ಹೆಂಗೆ ಸಿಕ್ತು ಅಂತ ಕೇಳ್ಬೇಡಿ. ವಿದ್ಯಾರಣ್ಯಪುರಂನ ಒಂದು ಸಣ್ಣ ಸ್ಕೂಲಿಗೆ ಮಕ್ಕಳನ್ನ ಬಿಟ್ಟು, ಬಿಡೋ ಹೊತ್ತಿನ ತನಕ ಬೇವಿನ ಮರದ ಕೆಳಗೆ ಬಿದ್ಕೊಂಡಿರ್ತಿದ್ದೆ. ಒಂದಿನ ಒಂದನೇ ಕ್ಲಾಸಿನ ಮಿಸ್ಸು ಕಿಟಕಿಯಿಂದ ಕೂಗಿದ್ರು. "ಏನಪ್ಪಾ, ಆ ಮರ ಎಲ್ಲಿಗೂ ಓಡೋಗಲ್ಲ, ಎಷ್ಟು ದಿನ ಕಾಯ್ತೀಯ? ಒಳಗೆ ಬಂದು ಕೂತ್ಕೋ. ಅಕ್ಷರ ಏನೂ ಕಚ್ಚಲ್ಲ."

ಕೂತೆ. ಆ ಬೆಂಚಲ್ಲಿ ನನ್ನ ಮೊಣಕಾಲು ಗಲ್ಲಕ್ಕೆ ಬರ್ತಿತ್ತು. "ಮಿಸ್, ಮಾಮ ಸ್ಲೇಟನ್ನ ಎಂಜಲಲ್ಲಿ ಒರೆಸ್ತವ್ರೆ!" ಅಂತ ಮಕ್ಕಳು ನನ್ನ ಮೇಲೇ ಚಾಡಿ ಹೇಳೋರು. ನಂಗೂ ಬೈಗುಳ ಬೀಳೋದು. ಮಿಸ್ಸಿಗೆ ಯಾರಾದ್ರೂ ಒಂದೇ.

ಅವರ ವಿಷ್ಯ ಹೇಳ್ಲೇಬೇಕು. ಯಾವ ಮಗು ತಿಂಡಿ ತಿಂದಿಲ್ಲ, ಯಾವುದಕ್ಕೆ ಕಿವಿ ನೋವು, ಮುಖ ನೋಡಿನೇ ಹೇಳ್ಬುಡೋರು. ಒಂದು ಹುಡುಗ ಕಣ್ಣು ಕಿರಿದು ಮಾಡಿ ಬೋರ್ಡ್ ನೋಡಿದ್ದಕ್ಕೆ, ಸಂಜೆ ಅವರಪ್ಪನ್ನ ಗೇಟಲ್ಲೇ ಹಿಡಿದು "ನಾಳೆನೇ ಕಣ್ಣಾಸ್ಪತ್ರೆಗೆ ಕರ್ಕೊಂಡೋಗಿ, ನಾಡಿದ್ದು ಅಲ್ಲ" ಅಂದಿದ್ರು.

ನನ್ನ ಪಕ್ಕ ಕೂರ್ತಿದ್ದೋಳು ಪುಟ್ಟಿ. ಅದೇ ಮಿಸ್ಸಿನ ಮಗಳು. ಮುಂದಿನ ಬೆಂಚಲ್ಲಿ ಕೂರಿಸಿದ್ರೆ ಸ್ವಂತ ಮಗಳಿಗೇ ಎಲ್ಲಾ ಅಂತ ಜನ ಆಡ್ಕೊಳ್ತಾರೆ ಅಂತ, ಕೊನೇ ಬೆಂಚಿಗೆ ಹಾಕಿದ್ರು. ಮನೇಲಿ ಇದ್ದಿದ್ದು ತಾಯಿ, ಮಗಳು ಇಬ್ರೇ. ಅದ್ರಲ್ಲೂ ಒಂದು ಕಟ್ಟುನಿಟ್ಟು. "ಸ್ಕೂಲಲ್ಲಿ ನಾನು ಮಿಸ್ಸು, ಮನೇಲಿ ಅಮ್ಮ. ಮನೆ ಮಾತು ಇಲ್ಲಿ ಬೇಡ, ಸ್ಕೂಲ್ ಮಾತು ಅಲ್ಲಿ ಬೇಡ." ಪುಟ್ಟಿ ಒಂದು ಸಲಾನೂ ತಪ್ತಿರ್ಲಿಲ್ಲ. ನಾನಂತೂ ಸುಮಾರು ದಿನ ಅದು ಯಾರದೋ ಮಗು ಅಂದ್ಕೊಂಡಿದ್ದೆ.

ಒಂದಿನ ಬೋರ್ಡ್ ಮೇಲೆ ನಲವತ್ತೆರಡಕ್ಕೆ ಐದು ಕೂಡೋ ಲೆಕ್ಕ ಬರೆದ್ರು. ನಾನು ಅಂಕಿ ಹಿಂದುಮುಂದು ಮಾಡ್ಕೊಂಡು ಇಪ್ಪತ್ನಾಲ್ಕು ಅಂತ ಇಳಿಸಿದೆ. ಉತ್ರನೂ ತಪ್ಪು ಬಿಡಿ. ಮಿಸ್ಸು ನಗ್ತಾ ಪುಟ್ಟಿ ಸ್ಲೇಟು ಎತ್ಕೊಂಡ್ರು. ಅದ್ರಲ್ಲೂ ಇಪ್ಪತ್ನಾಲ್ಕೇ ಇತ್ತು! ಕೆಳಗೆ ಇಪ್ಪತ್ತೊಂಬತ್ತು. ಕೂಡಿದ್ದು ಸರಿಯಾಗೇ ಇತ್ತು.

"ಈ ಇಪ್ಪತ್ನಾಲ್ಕು ಎಲ್ಲಿತ್ತೇ?"

"ಮಾಮನ ಸ್ಲೇಟಲ್ಲಿ, ಮಿಸ್."

"ಬೋರ್ಡ್ ಎದುರಿಗೇ ಇಲ್ವಾ?"

ಪುಟ್ಟಿ ಆಶ್ಚರ್ಯದಿಂದ ಕೇಳಿದ್ಲು. "ಹಿಂದೆ ಕೂತೋರಿಗೆ ಬೋರ್ಡ್ ಕಾಣ್ಸುತ್ತಾ ಮಿಸ್?"

ಮಿಸ್ಸಿನ ಮುಖದಲ್ಲಿ ರಕ್ತ ಇರ್ಲಿಲ್ಲ. "ಮನೇಲಿ ಯಾಕೆ ಹೇಳ್ಲಿಲ್ಲ?" ಅಂದ್ರು.

"ಸ್ಕೂಲ್ ಮಾತು ಮನೇಲಿ ಬೇಡ ಅಂದಿದ್ರಲ್ಲ ಮಿಸ್."

ಮಿಸ್ಸು ಹಂಗೇ ನೆಲದ ಮೇಲೆ ಕೂತ್ಬುಟ್ರು. ಊರ ಮಕ್ಕಳ ಕಣ್ಣೆಲ್ಲಾ ನೋಡಿದ ಹೆಂಗಸು.

ನನ್ನ ಆಟೋದಲ್ಲೇ ಆಸ್ಪತ್ರೆಗೆ ಹೋದ್ವಿ. ಎರಡೂ ಕಣ್ಣಿಗೆ ಜೋರು ಪವರ್ರು. ಎಡಗಣ್ಣು ಆಗ್ಲೇ ಸೋಮಾರಿ ಆಗ್ಬುಟ್ಟಿದೆ, ಸ್ವಲ್ಪ ಮುಂಚೆ ಬರ್ಬೇಕಿತ್ತು ಅಂದ್ರು ಡಾಕ್ಟ್ರು. ಬಲಗಣ್ಣಿಗೆ ಪಟ್ಟಿ ಕಟ್ಟಿ ಎಡಗಣ್ಣಿಗೆ ಕೆಲಸ ಕೊಟ್ರೂ ಅದು ಪೂರ್ತಿ ಬರ್ಲಿಲ್ಲ. ಪುಟ್ಟಿ ಬಲಗಣ್ಣನ್ನೇ ನಂಬ್ಕೊಂಡು ಬೆಳೆದ್ಲು. ಅವತ್ತಿಂದ ಮಿಸ್ಸಿಗೆ ಒಂದು ಚಟ ಹತ್ಕೊಳ್ತು. ಆಟೋ ಹತ್ತಿದ್ರೆ ಸಾಕು, ದಾರಿಯುದ್ದಕ್ಕೂ "ಆ ಬೋರ್ಡ್ ಮೇಲೆ ಏನಿದೆ, ಪುಟ್ಟಿ?" ಪುಟ್ಟಿ ಓದೋಳು. ಕಾಲೇಜಿಗೆ ಹೋದ್ಮೇಲೂ, ಕೆಲ್ಸ ಸಿಕ್ಕಿದ್ಮೇಲೂ ಓದೋಳು. "ನಂಗೆ ಮೂವತ್ತು ದಾಟ್ತು ಕಣಮ್ಮ" ಅಂತ ರೇಗ್ತಾನೇ ಓದೋಳು.

ಇವತ್ತು ಮಾರ್ಕೆಟ್ಟಿಂದ ಮನೆಗೆ ಹೋಗೋವಾಗ್ಲೂ ಕೇಳಿದ್ರು. ಮಿಸ್ಸಿಗೆ ಈಗ ಪೊರೆ ಬಂದಿದೆ, ಅವರಿಗೆ ಬೋರ್ಡ್ ಕಾಣಲ್ಲ. ಅಗ್ರಹಾರದ ಹತ್ರ ಪುಟ್ಟಿ ಪಟಪಟ ಅಂತ ಹೇಳಿದ್ಲು. "ಮೆಡಿಕಲ್ಸು, ಟೈಲರು, ಬೇಕರಿ."

ಬೇಕರಿ ಹೋಗಿ ಅಲ್ಲಿ ಚಪ್ಪಲಿ ಅಂಗಡಿ ಬಂದಿದೆ. ದೊಡ್ಡ ಕೆಂಪು ಬೋರ್ಡು, ಕುರುಡನಿಗೂ ಕಾಣೋ ಹಂಗೆ. ಕನ್ನಡಿಯಲ್ಲಿ ನೋಡಿದೆ. ಪುಟ್ಟಿ ನೋಡ್ತಿದ್ದಿದ್ದು ಅಂಗಡಿ ಕಡೆ ಅಲ್ಲ, ಅಮ್ಮನ ಮುಖಾನ. ಬಾಯಿಪಾಠ ಒಪ್ಪಿಸ್ತಿದ್ಲು.

ಬ್ರೇಕ್ ಹಾಕ್ಬುಟ್ಟೆ. ಹಿಂದಿನ ಬೈಕಿನೋನು ಬಾಯಿಗೆ ಬಂದಂಗೆ ಬೈದ. "ಪುಟ್ಟಿ, ಅಲ್ಲಿ ಬೇಕರಿ ಇಲ್ಲ ಕಣಮ್ಮ" ಅಂದೆ.

ಮಿಸ್ಸು ಮಗಳ ಕಡೆ ತಿರುಗಿದ್ರು. ಮೆಲ್ಲಗೆ ಕೇಳಿದ್ರು. "ಯಾವಾಗಿಂದ?"

"ದೀಪಾವಳಿಯಿಂದ. ಬಲಗಣ್ಣಲ್ಲಿ ಕರೀ ಪರದೆ ಇಳಿದಂಗೆ."

"ನಂಗೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಮತ್ತೆ ಅವತ್ತಿನ ಹಂಗೆ ಕುಸಿದು ಕೂತ್ಕೋತೀಯಮ್ಮ."

"ಕೂತ್ಕೋತೀನಿ, ಅಳ್ತೀನಿ. ಅದು ನನ್ನ ಪಾಡು. ನೀನು ಯಾರೇ ಅದನ್ನ ತಪ್ಸೋಕೆ?" ಅಂದ್ರು ಮಿಸ್ಸು. ನನ್ನ ಬೆನ್ನು ತಟ್ಟಿದ್ರು. "ಆಸ್ಪತ್ರೆಗೆ ತಿರುಗ್ಸಪ್ಪಾ. ಈಗ್ಲೇ."

ಪೊರೆ ಬಂದ ತಾಯಿ ಪರದೆ ಇಳಿದ ಮಗಳ ಕೈ ಹಿಡ್ಕೊಂಡು ಮೆಟ್ಲು ಹತ್ತಿದ್ದು ನೋಡ್ದೆ. ಇನ್ನೂ ಹೊರಗೆ ಬಂದಿಲ್ಲ. ಇಷ್ಟು ಬರೆಯೋವಾಗ ಯಾರೋ ಬಗ್ಗಿ ಕೇಳಿದ್ರು. "ಮಂಡಿ ಮೊಹಲ್ಲಾ ಬರ್ತೀರಾ? ಖಾಲಿ ತಾನೇ?"

"ಇಲ್ಲ ಸಾರ್," ಅಂದೆ, "ಜನ ಇದಾರೆ."